ವಯಸ್ಸಾಯಿತೆಂಬ ನೆಪ

ಬಟ್ಟೆ ಒಗೆಯುವ ಯಂತ್ರವೊಂದು ಕೆಟ್ಟು ನಿಂತಾಗ ನಮ್ಮ ಗೃಹಸ್ಥರಿಗೆ ಎದುರಾಗುವ ಮೊದಲ ಪ್ರಶ್ನೆ 'ಇದನ್ನು ಕೊಂಡು ಎಷ್ಟು ವರ್ಷವಾಯಿತು?' ಎಂಬುದು. ಕೇಳುವವನು ಕಂಪನಿಯ ಸೇವಾಕೇಂದ್ರದಿಂದ ಬಂದ ತರುಣನಿರಬಹುದು, ಅಂಗಡಿಯ ಮಾರಾಟಗಾರನಿರಬಹುದು, ಪಕ್ಕದ ಮನೆಯ ಹಿತೈಷಿಯೇ ಇರಬಹುದು. 'ಎಂಟು ವರ್ಷವಾಯಿತು' ಎಂದು ನೀವು ಉತ್ತರವಿತ್ತೊಡನೆ ತೀರ್ಪು ಸಿದ್ಧ: 'ಹಾಗಾದರೆ ಇದಕ್ಕೆ ದುಡ್ಡು ಸುರಿಯುವುದು ದಂಡ, ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತನ್ನಿರಿ.' ಯಂತ್ರದ ಹಿಂಬದಿಯ ತಗಡನ್ನು ಬಿಚ್ಚಿ ನೋಡಿದವರಿಲ್ಲ. ಕೆಟ್ಟಿರುವುದು ಯಾವ ಭಾಗವೆಂದು ಹೇಳಿದವರಿಲ್ಲ. ವಿಚಾರಣೆಯೇ ಇಲ್ಲದೆ ಶಿಕ್ಷೆ ವಿಧಿಸುವ ಈ ಪದ್ಧತಿಯನ್ನು ಪ್ರತಿಭಟಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಮಠದ ಪತ್ರಿಕೆಗೆ ಒಗೆಯುವ ಯಂತ್ರದ ಗೊಡವೆ ಏಕೆಂದು ಹುಬ್ಬೇರಿಸುವ ವಾಚಕರೂ ಇರಬಹುದು. ಗೊಡವೆ ಉಂಟು. ಪಿಂಚಣಿಯ ಮೇಲೆ ಸಂಸಾರ ನಡೆಸುವ ನಿವೃತ್ತ ಉಪಾಧ್ಯಾಯರು, ಮಕ್ಕಳೆಲ್ಲ ದೂರದೂರಿಗೆ ಹೋಗಿ ಇಬ್ಬರೇ ಉಳಿದ ವೃದ್ಧ ದಂಪತಿಗಳು, ಈಗಷ್ಟೇ ಸಂಸಾರ ಹೂಡಿದ ನಮ್ಮ ಹಳೆಯ ವಿದ್ಯಾರ್ಥಿಗಳು, ಇವರೆಲ್ಲರೂ 'ಬುದ್ಧಿ, ಮಿಷನ್ ಕೆಟ್ಟಿದೆ, ರಿಪೇರಿಗೆ ನಾಲ್ಕು ಸಾವಿರ ಹೇಳುತ್ತಾರೆ, ಏನು ಮಾಡೋಣ?' ಎಂದು ನಮ್ಮನ್ನು ಕೇಳಿದ್ದುಂಟು. ಇಪ್ಪತ್ತು ಮೂವತ್ತು ಸಾವಿರ ರೂಪಾಯಿಯ ಮಾತು ಮಧ್ಯಮ ವರ್ಗದ ಮನೆಗೆ ಸಣ್ಣದಲ್ಲ. ಅದಕ್ಕೂ ಮಿಗಿಲಾಗಿ, ಯಂತ್ರ ನಿಂತ ದಿನದಿಂದ ಅದರ ಕೆಲಸ ಯಾರ ರಟ್ಟೆಯ ಮೇಲೆ ಬೀಳುತ್ತದೆಂಬುದನ್ನು ನಾವು ಬಲ್ಲೆವು. ರಿಪೇರಿಯೋ ಹೊಸದೋ ಎಂದು ಗಂಡಸರು ಜಗುಲಿಯಲ್ಲಿ ಕುಳಿತು ಮೂರು ವಾರ ಚರ್ಚಿಸುತ್ತಿರುವಾಗ ಒಗೆಯುವ ಕಲ್ಲಿನ ಮುಂದೆ ಬಗ್ಗಿ ನಿಲ್ಲುವವಳು ಮನೆಯ ಸೊಸೆ, ಇಲ್ಲವೆ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಆದಕಾರಣ ನಾವು ದುರಸ್ತಿಯ ಪಕ್ಷವನ್ನು ವಹಿಸುತ್ತೇವೆಂದರೆ, ಕೆಟ್ಟ ಯಂತ್ರಕ್ಕೆ ಹಳೆಯ ಸೀರೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸುವ ಜಿಪುಣರ ಪಕ್ಷವನ್ನು ವಹಿಸುತ್ತೇವೆಂದು ಯಾರೂ ಭಾವಿಸಬಾರದು. ದುರಸ್ತಿಯೆಂದರೆ ಈ ವಾರದೊಳಗಿನ ದುರಸ್ತಿ.

ಮೂಲದಲ್ಲಿಯೇ ಇರುವ ತಪ್ಪು ಕಲ್ಪನೆಯೊಂದನ್ನು ಮೊದಲು ಕಿತ್ತುಹಾಕಬೇಕು. ಯಂತ್ರಕ್ಕೆ ಸರ್ವಾಂಗದಲ್ಲಿಯೂ ಏಕಕಾಲಕ್ಕೆ ಮುಪ್ಪಡರುವುದಿಲ್ಲ. ಅದು ಬೇರೆಬೇರೆ ಆಯುಷ್ಯವುಳ್ಳ ಹತ್ತಾರು ಬಿಡಿಭಾಗಗಳ ಕೂಟ. ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ಮು ಉಳಿದೆಲ್ಲ ಭಾಗಗಳಿಗಿಂತ ಹೆಚ್ಚು ಕಾಲ ಬಾಳಬಲ್ಲದು. ರಬ್ಬರಿನ ಬೆಲ್ಟು ಕೆಲವು ವರ್ಷಗಳಲ್ಲಿ ಸಡಿಲಾಗುತ್ತದೆ. ಬೆಲ್ಟಿನ ಮೂಲಕ ಡ್ರಮ್ಮನ್ನು ತಿರುಗಿಸುವ ಅನೇಕ ಮೋಟಾರುಗಳಲ್ಲಿ ಇರುವ ಕಾರ್ಬನ್ ಬ್ರಷ್ಷು ಸವೆಯುವುದಕ್ಕೆಂದೇ ಮಾಡಿದ ತುಂಡು, ಸೀಮೆಸುಣ್ಣದ ಕಡ್ಡಿ ಸವೆಯುವುದಕ್ಕೆಂದೇ ಇರುವಂತೆ. ಸೀಮೆಸುಣ್ಣ ಮುಗಿಯಿತೆಂದು ಕರಿಹಲಗೆಯನ್ನು ಎಸೆದ ಉಪಾಧ್ಯಾಯರನ್ನು ನಾವು ಕಂಡಿಲ್ಲ.

ನಮ್ಮ ಒಕ್ಕಲು ಮಕ್ಕಳಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಕೊಳವೆಬಾವಿಯ ಪಂಪ್‌ಸೆಟ್ಟಿನ ಮೋಟಾರು ಸುಟ್ಟಾಗ ರೈತನು ಅದನ್ನು ಮೇಲೆತ್ತಿಸಿ ತಾಲ್ಲೂಕು ಕೇಂದ್ರದ ರೀವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಅಲ್ಲಿ ಸುಟ್ಟ ತಾಮ್ರದ ತಂತಿಯನ್ನು ಕಿತ್ತು ಹೊಸ ತಂತಿ ಸುತ್ತುತ್ತಾರೆ, ಸವೆದ ಬುಷ್ಷನ್ನು ಬದಲಿಸುತ್ತಾರೆ. ಮೋಟಾರು ಮರಳಿ ಬಾವಿಗಿಳಿಯುತ್ತದೆ. ಒಮ್ಮೆಯಲ್ಲ, ಅದರ ಆಯುಷ್ಯದಲ್ಲಿ ಎಷ್ಟೋ ಸಲ. 'ಮೋಟಾರಿಗೆ ಎಂಟು ವರ್ಷವಾಯಿತು, ಬಿಸಾಡು' ಎಂದು ಯಾರಾದರೂ ಅಂದರೆ ಆ ರೈತ ಅವನ ಮುಖವನ್ನೇ ದಿಟ್ಟಿಸಿಯಾನು. ಅದೇ ರೈತನ ಮಗ, ನಗರ ಸೇರಿ ಒಳ್ಳೆಯ ಸಂಬಳ ಪಡೆಯುವ ಪದವೀಧರ, ವಾಷಿಂಗ್ ಮಿಷನ್ನಿನ ಮುಂದೆ ನಿಂತೊಡನೆ ತಂದೆಯ ಈ ಬುದ್ಧಿಯನ್ನು ಮರೆಯುವುದೇಕೆ? ಮಿಷನ್ನಿನ ಹೊಳೆಯುವ ಮುಖದ ಮೇಲೆ ಒಂದು ಅಕ್ಷರ ಎರಡು ಅಂಕಿಗಳ ಸಂಕೇತ ಮಿನುಗುತ್ತದೆ. ಅದರ ಅರ್ಥ ತನಗೆ ತಿಳಿಯದು. ತಿಳಿದವನೆಂದು ಬಂದವನು 'ಬೋರ್ಡು ಹೋಗಿದೆ' ಎಂಬ ಎರಡು ಪದಗಳನ್ನು ಉಚ್ಚರಿಸುತ್ತಾನೆ. ಭಯಕ್ಕೆ ಅಷ್ಟೇ ಸಾಕು.

ಆ ಭಯವನ್ನು ಹೋಗಲಾಡಿಸಲು ಯಂತ್ರದ ಸಾಮಾನ್ಯ ಕಾಯಿಲೆಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಉಚಿತ. ನೀರು ಒಳಕ್ಕೆ ಬಾರದಿದ್ದರೆ ಅಥವಾ ತೊಟ್ಟಿಕ್ಕುತ್ತಿದ್ದರೆ, ನಲ್ಲಿಯಿಂದ ಬರುವ ಕೊಳವೆ ಯಂತ್ರಕ್ಕೆ ಸೇರುವಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಕೊಳವೆಬಾವಿಯ ನೀರಿನ ಮರಳು ಮತ್ತು ಸುಣ್ಣ ಅದನ್ನು ಕಟ್ಟಿಹಾಕುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷೊಂದೇ ಅದಕ್ಕೆ ಸಾಕಾದ ಆಯುಧ. ಒಗೆದ ನೀರು ಹೊರಹೋಗದೆ ನಿಂತರೆ, ನೀರು ಪೂರ್ಣ ಖಾಲಿಯಾಗದ ಕಾರಣ ಯಂತ್ರ ಬಟ್ಟೆ ಹಿಂಡಲು ಒಪ್ಪುವುದಿಲ್ಲ. ಮನೆಯವರು ಮೋಟಾರೇ ಹೋಯಿತೆಂದು ಗಾಬರಿಗೊಳ್ಳುತ್ತಾರೆ. ನಿಜವಾಗಿ ಮುಂಬಾಗಿಲಿನ ಯಂತ್ರದ ತಳದಲ್ಲಿರುವ ಪಂಪಿನ ಸೋಸಣಿಗೆಯಲ್ಲಿ ನಾಣ್ಯವೋ ಗುಂಡಿಯೋ ಸೇಫ್ಟಿ ಪಿನ್ನೋ ಸಿಕ್ಕಿಕೊಂಡಿರುತ್ತದೆ. ಮೇಲೆ ಬಾಯುಳ್ಳ ಯಂತ್ರ ಮತ್ತು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರಗಳಲ್ಲಿ ಮೋಟಾರು 'ಹೂಂ' ಎಂದು ಗುಂಯ್ಗುಟ್ಟಿ ತಿರುಗದೆ ಹೋದರೆ ಬಹುತೇಕ ಅದು ಕೆಪಾಸಿಟರಿನ ದೋಷ. ಫ್ಯಾನು ನಿಧಾನವಾದಾಗ ಬದಲಿಸುತ್ತೀರಲ್ಲವೆ, ಅದರ ಅಣ್ಣ. ಹಿಂಡುವಾಗ ಯಂತ್ರ ನೆಲದ ಮೇಲೆ ನಡೆದಾಡಿದರೆ ಕಾಲುಗಳ ಮಟ್ಟವೋ, ತೊಟ್ಟಿಯನ್ನು ತೂಗುಹಾಕಿದ ಸರಳುಗಳೋ, ಆಘಾತ ತಡೆಯುವ ಶಾಕ್ ಅಬ್ಸಾರ್ಬರುಗಳೋ ಸೋತಿರುತ್ತವೆ. ಬಿಸಿನೀರಿನ ಹೀಟರಿನ ಮೇಲೆ ಗಡಸು ನೀರಿನ ಸುಣ್ಣ ಹೆಪ್ಪುಗಟ್ಟುವುದು ನಮ್ಮ ಬಯಲುಸೀಮೆಯಲ್ಲಿ ದಿನನಿತ್ಯದ ಮಾತು. ಸಿಟ್ರಿಕ್ ಆಮ್ಲದ ಪುಡಿ ಹಾಕಿ ಬಟ್ಟೆಯಿಲ್ಲದೆ ಯಂತ್ರವನ್ನು ಆಗಾಗ ಬಿಸಿನೀರಿನಲ್ಲಿ ಓಡಿಸಿದರೆ ಅದು ಕರಗುತ್ತದೆ. ಬಾಗಿಲಿನ ಬೀಗ, ನೀರಿನ ವಾಲ್ವು, ಬಾಗಿಲ ಸುತ್ತಲಿನ ರಬ್ಬರು, ಬೆಲ್ಟು, ಬ್ರಷ್ಷು, ಪಂಪು, ಇವೆಲ್ಲ ಬಿಚ್ಚಿ ಕೂಡಿಸಬಹುದಾದ ವಸ್ತುಗಳು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಇಡೀ ಯಂತ್ರ ನಿಲ್ಲುತ್ತದೆ. ಆದರೆ ನಿಂತ ಮಾತ್ರಕ್ಕೆ ಇಡೀ ಯಂತ್ರ ಕೆಟ್ಟಿತೆಂದಲ್ಲ.

ಶ್ರೀಮಠದ ಅತಿಥಿಗೃಹದ ಹಾಸು ಹೊದಿಕೆಗಳನ್ನು ಒಗೆಯುವ ಯಂತ್ರವೊಂದು ಒಂಬತ್ತನೆಯ ವರ್ಷದಲ್ಲಿ ನಿಂತುಹೋಯಿತು. ಸೇವಾಕೇಂದ್ರದಿಂದ ಬಂದವರು ಗುಂಡಿಗಳನ್ನು ಎರಡು ಬಾರಿ ಒತ್ತಿ ನೋಡಿ, ಬೋರ್ಡು ಸುಟ್ಟಿದೆ, ಈ ಮಾದರಿಯ ಬೋರ್ಡು ಈಗ ಬರುವುದಿಲ್ಲ, ಹೊಸ ಯಂತ್ರಕ್ಕೆ ರಿಯಾಯಿತಿ ಕೊಡಿಸುತ್ತೇವೆ ಎಂದರು. ನೋಡಿದ್ದಕ್ಕೆ ಶುಲ್ಕವನ್ನೂ ಪಡೆದರು. ನಾವು ಊರಿನ ಮೆಕ್ಯಾನಿಕನೊಬ್ಬನನ್ನು ಕರೆಸಿದೆವು. ಅವನು ಯಂತ್ರವನ್ನು ಗೋಡೆಯಿಂದ ಎಳೆದು, ಹಿಂಬದಿ ಬಿಚ್ಚಿ, ಟಾರ್ಚು ಹಿಡಿದು ಕೆಲ ನಿಮಿಷ ನೋಡಿ ನಕ್ಕನು. ಮಳೆಗಾಲದಲ್ಲಿ ಬೆಚ್ಚಗಿನ ಸ್ಥಳ ಹುಡುಕಿಕೊಂಡು ಬಂದ ಇಲಿಯೊಂದು ಮೂರು ತಂತಿಗಳನ್ನು ಕಡಿದಿತ್ತು. ತಂತಿಗಳನ್ನು ಬೆಸೆದು, ತೋಳು ತೊಡಿಸಿ, ಇಲಿ ಒಳನುಗ್ಗದಂತೆ ತಳಕ್ಕೆ ಜಾಲರಿ ಬಿಗಿದು ಹೋದನು. ಆ ಯಂತ್ರ ಇಂದಿಗೂ ಓಡುತ್ತಿದೆ. ಸೇವಾಕೇಂದ್ರದ ಆ ತರುಣರನ್ನು ನಾವು ದೂಷಿಸುತ್ತಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ನೊಗ ಅವರ ಹೆಗಲ ಮೇಲಿರುತ್ತದೆ. ಬಿಚ್ಚಿ ನೋಡುವುದಕ್ಕೆ ಬಿಡುವು ಕೊಡದೆ, ಮಾರುವುದಕ್ಕೆ ಪ್ರೋತ್ಸಾಹ ಕೊಡುವ ವ್ಯವಸ್ಥೆಯನ್ನು ದೂಷಿಸುತ್ತೇವೆ.

ಇನ್ನು ಲೆಕ್ಕಾಚಾರದ ಮಾತು. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚಾದರೆ ಹೊಸದನ್ನು ಕೊಳ್ಳಬೇಕು, ಕಡಮೆಯಾದರೆ ದುರಸ್ತಿ ಮಾಡಿಸಬೇಕು ಎಂಬ ಸೂತ್ರವೊಂದು ಪ್ರಚಾರದಲ್ಲಿದೆ. ಸುಲಭವಾಗಿ ನೆನಪಿರುತ್ತದೆಂಬುದೊಂದೇ ಅದರ ಗುಣ. ದುರಸ್ತಿಯಾದ ಯಂತ್ರ ಮುಂದೆ ಎಷ್ಟು ವರ್ಷ ಓಡೀತು ಎಂಬ ಮುಖ್ಯ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ನೀವೇ ಕಾಗದ ಪೆನ್ಸಿಲು ಹಿಡಿಯಿರಿ. ಹೊಸ ಯಂತ್ರಕ್ಕೆ 24,000 ರೂಪಾಯಿ, ಅದು ಹತ್ತು ವರ್ಷ ಬಾಳುತ್ತದೆಂದು ಇಟ್ಟುಕೊಳ್ಳೋಣ: ವರ್ಷಕ್ಕೆ 2,400 ರೂಪಾಯಿ ಬಿತ್ತು. ಹಳೆಯದಕ್ಕೆ 6,000 ರೂಪಾಯಿಯ ದುರಸ್ತಿ, ಅದರಿಂದ ಮೂರು ವರ್ಷ: ವರ್ಷಕ್ಕೆ 2,000; ದುರಸ್ತಿಯೇ ಲೇಸು. ಅದೇ 6,000 ರೂಪಾಯಿ ಸುರಿದು ಒಂದೇ ವರ್ಷ ದಕ್ಕುವ ಹಾಗಿದ್ದರೆ ಅದು ಅವಿವೇಕ, ಅರ್ಧದ ಸೂತ್ರ ಅದನ್ನು ಸಮ್ಮತಿಸಿದರೂ. ಸಣ್ಣ ದುರಸ್ತಿಯ ಲೆಕ್ಕವಂತೂ ಇನ್ನೂ ಸ್ಪಷ್ಟ. 1,500 ರೂಪಾಯಿಯ ಪಂಪನ್ನು ಹಾಕಿಸಿದರೆ, ಯಂತ್ರ ಅನಂತರ ಏಳೂವರೆ ತಿಂಗಳು ಮಾತ್ರ ಓಡಿದರೂ ನಿಮಗೆ ನಷ್ಟವಿಲ್ಲ. ಆದ್ದರಿಂದ ಮೆಕ್ಯಾನಿಕನನ್ನು ಕೇಳಬೇಕಾದ ಪ್ರಶ್ನೆಗಳು ಇವು: ಕೆಟ್ಟಿರುವ ಭಾಗದ ಹೆಸರೇನು, ಅದರ ಬೆಲೆ ಎಷ್ಟು, ಕೂಲಿ ಎಷ್ಟು, ಉಳಿದ ಭಾಗಗಳು ಯಾವ ಸ್ಥಿತಿಯಲ್ಲಿವೆ. ಹೇಳಿದ್ದನ್ನು ಕಾಗದದಲ್ಲಿ ಬರೆಯಿಸಿಕೊಳ್ಳಿರಿ. ಭಾಗದ ಹೆಸರನ್ನು ಹೇಳಲಾರದವನ ಸಲಹೆಯನ್ನು, ಅವನ ಅಂಗಿಯ ಮೇಲೆ ಯಾವ ಕಂಪನಿಯ ಹೆಸರೇ ಇರಲಿ, ಸ್ವೀಕರಿಸಬೇಡಿರಿ.

'ಇಂದು ಪಂಪು ಹಾಕಿಸಿದರೆ ನಾಳೆ ಇನ್ನೊಂದು ಕೆಡುತ್ತದೆ, ಹಳೆಯದರ ಹಣೆಬರಹವೇ ಇಷ್ಟು' ಎಂಬ ಆಕ್ಷೇಪ ಬರುವುದು ಖಂಡಿತ. ಅರ್ಧ ಸತ್ಯ. ಯಂತ್ರಗಳ ವಿಶ್ವಾಸಾರ್ಹತೆಯನ್ನು ಅಭ್ಯಾಸ ಮಾಡುವ ಶಾಸ್ತ್ರದಲ್ಲಿ ಸ್ನಾನದ ತೊಟ್ಟಿಯ ಆಕಾರದ ರೇಖೆಯೊಂದನ್ನು ಬೋಧಿಸುತ್ತಾರೆ. ಹೊಸದರಲ್ಲಿ ತಯಾರಿಕೆಯ ದೋಷಗಳಿಂದ ಕೆಡುವಿಕೆ ಹೆಚ್ಚು, ನಡುವೆ ದೀರ್ಘಕಾಲ ಕಡಮೆ, ಕೊನೆಗೆ ಸವೆತದಿಂದ ಮತ್ತೆ ಹೆಚ್ಚು. ಕೊನೆಯ ಏರನ್ನು ಎಲ್ಲರೂ ತೋರಿಸುತ್ತಾರೆ. ಮೊದಲ ಏರನ್ನು ಅಂಗಡಿಯವರು ತೋರಿಸುವುದಿಲ್ಲ. ನಿಮ್ಮ ಹಳೆಯ ಯಂತ್ರ ಆ ಬಾಲಗ್ರಹವನ್ನು ದಾಟಿ ಬಂದದ್ದು. ಹೊಸದು ಇನ್ನೂ ದಾಟಬೇಕಾದದ್ದು.

ವಿದ್ಯುತ್ತಿನ ಉಳಿತಾಯವೆಂಬುದು ಮಾರಾಟಗಾರರ ಎರಡನೆಯ ಅಸ್ತ್ರ. ಹಗಲಿರುಳು ಓಡುವ ಫ್ರಿಜ್ಜಿನ ವಿಷಯದಲ್ಲಿ ಅದಕ್ಕೆ ಬಲವುಂಟು. ಒಗೆಯುವ ಯಂತ್ರ ಓಡುವುದು ದಿನಕ್ಕೆ ಒಂದೆರಡು ಗಂಟೆ. ಅದರಲ್ಲಿಯೂ ವಿದ್ಯುತ್ತನ್ನು ನುಂಗುವುದು ಡ್ರಮ್ಮಿನ ತಿರುಗುವಿಕೆಗಿಂತ ಹೆಚ್ಚಾಗಿ ನೀರಿನ ಕಾಯುವಿಕೆ. ಹದಿನೈದು ಲೀಟರು ನೀರನ್ನು ಮೂವತ್ತು ಡಿಗ್ರಿಯಷ್ಟು ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕೆಂಬುದು ಪ್ರೌಢಶಾಲೆಯ ಭೌತಶಾಸ್ತ್ರದ ಲೆಕ್ಕ. ತಣ್ಣೀರಿನಲ್ಲಿ ಒಗೆಯುವ ಮನೆಗೆ ಆ ಅರ್ಧ ಯೂನಿಟ್ಟಿನ ಖರ್ಚೇ ಇಲ್ಲ. ಆದರೂ ವಾದಕ್ಕಾಗಿ, ಹೊಸ ಯಂತ್ರದಿಂದ ಒಂದು ಒಗೆತಕ್ಕೆ ಕಾಲು ಯೂನಿಟ್ ಉಳಿಯಿತೆಂದೇ ಒಪ್ಪೋಣ. ವರ್ಷಕ್ಕೆ ಇನ್ನೂರೈವತ್ತು ಒಗೆತ, ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ ಉಳಿಯುವುದು ನಾನೂರ ನಲವತ್ತು ರೂಪಾಯಿಯೊಳಗೆ. 24,000 ರೂಪಾಯಿ ಹೀಗೆ ಮರಳಿ ಬರಲು ಐವತ್ತು ವರ್ಷ ಮೀರುತ್ತದೆ. ನೀರಿನ ವಾದ ಇದಕ್ಕಿಂತ ಗಟ್ಟಿಯಾದದ್ದೆಂದು ಒಪ್ಪುತ್ತೇವೆ. ಮೇಲೆ ಬಾಯುಳ್ಳ ಹಳೆಯ ಯಂತ್ರಗಳಿಗಿಂತ ಮುಂಬಾಗಿಲಿನವು ಬಹಳ ಕಡಮೆ ನೀರು ಬಳಸುತ್ತವೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ನೀರಿನ ಅಭಾವವನ್ನು ಅನುಭವಿಸಿದವರು, ಟ್ಯಾಂಕರಿಗೆ ಹಣ ಕೊಟ್ಟವರು, ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ನ್ಯಾಯವೇ.

ಮೂರನೆಯ ಅಸ್ತ್ರ 'ಹತ್ತು ವರ್ಷದ ವಾರಂಟಿ' ಎಂಬ ದಪ್ಪಕ್ಷರದ ಚೀಟಿ. ಅದರ ಕೆಳಗಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿರಿ. ಹತ್ತು ವರ್ಷದ ಭರವಸೆ ಇರುವುದು ಸಾಮಾನ್ಯವಾಗಿ ಮೋಟಾರಿಗೆ ಮಾತ್ರ; ಇಡೀ ಯಂತ್ರಕ್ಕೆ ಎರಡು ವರ್ಷವೋ ಮೂರು ವರ್ಷವೋ. ಬೋರ್ಡು ಹೋಗಿ ನಿಂತ ಯಂತ್ರದಲ್ಲಿ ಆರೋಗ್ಯವಂತ ಮೋಟಾರನ್ನು ಇಟ್ಟುಕೊಂಡು ನೀವು ಮಾಡುವುದೇನು? ಗಟ್ಟಿಯಾದ ಭಾಗಕ್ಕೆ ದೀರ್ಘ ಭರವಸೆಯನ್ನೂ ದುರ್ಬಲವಾದ ಭಾಗಕ್ಕೆ ಹ್ರಸ್ವ ಭರವಸೆಯನ್ನೂ ಕೊಡುವುದು ಚಾತುರ್ಯವೇ ಸರಿ, ಪ್ರಾಮಾಣಿಕತೆಯಲ್ಲ.

ಹಾಗೆಂದು ಪ್ರತಿಯೊಂದು ಹಳೆಯ ಯಂತ್ರವನ್ನೂ ಉಳಿಸಲೇಬೇಕೆಂಬ ಹಠ ನಮ್ಮದಲ್ಲ. ಮುಟ್ಟಿದರೆ ಜುಮ್ಮೆನ್ನುವ ಯಂತ್ರದ ಪ್ಲಗ್ಗನ್ನು ತಕ್ಷಣವೇ ಕೀಳಿರಿ. ದೋಷ ಮನೆಯ ಅರ್ಥಿಂಗಿನಲ್ಲಿಯೋ, ಹೀಟರಿನಲ್ಲಿಯೋ, ತುಕ್ಕು ತಿಂದ ಒಡಲಿನೊಳಗಿನ ತಂತಿಯಲ್ಲಿಯೋ ಇರಬಹುದು. ಅದು ಪತ್ತೆಯಾಗುವ ತನಕ ಒದ್ದೆ ಕೈಯ ಹೆಣ್ಣುಮಕ್ಕಳನ್ನು ಅದರ ಬಳಿಗೆ ಕಳುಹಿಸುವುದು ಮಿತವ್ಯಯವಲ್ಲ, ಪಾಪ. ಒಡಲೇ ತುಕ್ಕು ಹಿಡಿದು ಕಾಲುಗಳು ಕುಸಿದಿದ್ದರೆ ದುರಸ್ತಿ ವ್ಯರ್ಥ. ಮುಂಬಾಗಿಲಿನ ಯಂತ್ರದಲ್ಲಿ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ತೋಳಿನ ಆಧಾರವೊಂದುಂಟು, ಮೆಕ್ಯಾನಿಕರು ಅದನ್ನು ಸ್ಪೈಡರ್ ಎನ್ನುತ್ತಾರೆ. ಅಲ್ಯೂಮಿನಿಯಂ ಮಿಶ್ರಲೋಹದ ಆ ತೋಳುಗಳನ್ನು ತೇವ ಮತ್ತು ಸೋಪಿನ ಕ್ಷಾರ ವರ್ಷಗಟ್ಟಲೆ ತಿಂದು, ಒಂದು ದಿನ ಮುರಿಯುತ್ತವೆ. ಹಾಗೆಯೇ ಆಯಿಲ್ ಸೀಲು ಸವೆದು ನೀರು ಬೇರಿಂಗಿಗೆ ನುಗ್ಗಿದರೆ ಹಿಂಡುವಾಗ ವಿಮಾನ ಏರಿದಂಥ ಸದ್ದು ಬರುತ್ತದೆ. ಬಾಗಿಲು ತೆರೆದು ಖಾಲಿ ಡ್ರಮ್ಮನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಿರಿ. ಕಡಕಡ ಆಡಿದರೆ ರೋಗ ಅಲ್ಲಿದೆ. ಇವೆರಡೂ ದೊಡ್ಡ ದುರಸ್ತಿಗಳು, ಇಡೀ ಯಂತ್ರವನ್ನು ಬಿಚ್ಚುವ ಕೆಲಸ. ಸದ್ದು ಆರಂಭವಾದಾಗಲೇ ಮಾಡಿಸಿದವರಿಗೆ ಬೇರಿಂಗು ಮತ್ತು ಸೀಲಿನಲ್ಲಿ ಮುಗಿಯುತ್ತದೆ. ಆರು ತಿಂಗಳು ಕಿವಿಗೆ ಹತ್ತಿ ಇಟ್ಟುಕೊಂಡವರಿಗೆ ಡ್ರಮ್ಮಿನ ತನಕ ಹೋಗುತ್ತದೆ.

ನಮ್ಮ ಕೋಪ ಇರುವುದು ಇಲ್ಲಿಯೇ. ಹೊರತೊಟ್ಟಿಯ ಎರಡು ಹೋಳುಗಳನ್ನು ಸ್ಕ್ರೂಗಳಿಂದ ಬಿಗಿದ ಯಂತ್ರಗಳೂ ಉಂಟು. ಅವನ್ನು ಬಿಚ್ಚಿ ಬೇರಿಂಗನ್ನು ಬದಲಿಸಬಹುದು. ಎರಡೂ ಹೋಳುಗಳನ್ನು ಕಾಯಿಸಿ ಅಂಟಿಸಿಬಿಟ್ಟ ಯಂತ್ರಗಳೂ ಉಂಟು. ಎರಡನೆಯ ಬಗೆಯದರಲ್ಲಿ ಕೆಲವು ನೂರು ರೂಪಾಯಿಯ ಬೇರಿಂಗು ಸವೆದರೆ ತೊಟ್ಟಿ, ಡ್ರಮ್ಮು, ಸ್ಪೈಡರು ಎಲ್ಲವನ್ನೂ ಒಟ್ಟಾಗಿ ಕೊಳ್ಳಬೇಕು. ಆ ಒಟ್ಟಿನ ಬೆಲೆ ಕೇಳಿದವರು ಹೊಸ ಯಂತ್ರದ ಅಂಗಡಿಗೇ ಹೋಗುತ್ತಾರೆ. ಅಂಟಿಸಿದರೆ ತಯಾರಿಕೆ ಅಗ್ಗವಾಗುತ್ತದೆ, ಸೋರುವುದಿಲ್ಲ ಎಂಬುದು ಕಂಪನಿಗಳ ಸಮಾಧಾನ. ಇರಬಹುದು. ಆದರೆ ಅಗ್ಗವಾದದ್ದು ಅವರಿಗೆ, ತುಟ್ಟಿಯಾದದ್ದು ನಿಮಗೆ. ಇಂಥ ಕುಶಲತೆ ಹೊಸತೇನಲ್ಲ. 1924ರಲ್ಲಿ ಲೋಕದ ದೊಡ್ಡ ವಿದ್ಯುದ್ದೀಪ ತಯಾರಕರು ಕೂಡಿ ಫೀಬಸ್ ಎಂಬ ಒಕ್ಕೂಟ ಕಟ್ಟಿಕೊಂಡು ಬಲ್ಬಿನ ಆಯುಷ್ಯವನ್ನು ಸಾವಿರ ಗಂಟೆಗೆ ಇಳಿಸಿದ್ದು ಇತಿಹಾಸ. ಅಮೆರಿಕದ ವ್ಯಾನ್ಸ್ ಪ್ಯಾಕರ್ಡ್ 1960ರಲ್ಲಿ 'ದಿ ವೇಸ್ಟ್ ಮೇಕರ್ಸ್' ಎಂಬ ಗ್ರಂಥವನ್ನು ಪ್ರಕಟಿಸಿದ್ದು, ಬೇಗ ಕೆಡುವಂತೆಯೂ ಬೇಗ ಹಳತೆನಿಸುವಂತೆಯೂ ಸರಕುಗಳನ್ನು ಯೋಜಿಸುವ ಈ ನೀತಿಯ ವಿರುದ್ಧವೇ.

ನಮ್ಮ ದೇಶದಲ್ಲಿ ಇದನ್ನು ಯಾರೂ ಗಮನಿಸಿಲ್ಲವೆಂದಲ್ಲ. 2014ರ ಆಗಸ್ಟಿನಲ್ಲಿ ಭಾರತ ಸ್ಪರ್ಧಾ ಆಯೋಗವು 14 ಕಾರು ತಯಾರಕರ ಮೇಲೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಮೆಕ್ಯಾನಿಕರಿಗೆ ಸಿಗದಂತೆ ಕಟ್ಟಿಹಾಕಿದರೆಂಬುದು ಅವರ ಮೇಲಿನ ಆರೋಪ. ಕಾರಿಗೆ ಅನ್ವಯವಾದ ನ್ಯಾಯ ಒಗೆಯುವ ಯಂತ್ರಕ್ಕೆ ಏಕೆ ಬೇಡ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಗೃಹೋಪಯೋಗಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಕಂಪನಿಗಳು ತಮ್ಮ ಕೈಪಿಡಿ, ಬಿಡಿಭಾಗ, ಸೇವಾಕೇಂದ್ರಗಳ ವಿವರವನ್ನು ಅಲ್ಲಿ ಪ್ರಕಟಿಸಬೇಕೆಂಬುದು ಆಶಯ. ಆಶಯ ಒಳ್ಳೆಯದು, ಆದರೆ ಪ್ರಕಟಣೆಯ ಫಲಕ ಬೇರೆ, ಬಿಡಿಭಾಗವನ್ನು ಇಷ್ಟು ವರ್ಷ ಒದಗಿಸಲೇಬೇಕೆಂಬ ಶಾಸನ ಬೇರೆ.

ಅಂಥ ಶಾಸನ ಅಸಾಧ್ಯವೆಂದು ಕಂಪನಿಗಳು ಹೇಳುವಂತಿಲ್ಲ. ಇಲ್ಲಿ ಯಂತ್ರ ಮಾರುವ ಕಂಪನಿಗಳಲ್ಲಿ ಹಲವು ಯುರೋಪಿನಲ್ಲಿಯೂ ಮಾರುತ್ತವೆ. ಅಲ್ಲಿ ಅವು ತಲೆಬಾಗಿ ನಡೆಯುತ್ತವೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿಯಿಂದ ಅನ್ವಯವಾದ ನಿಯಮದಂತೆ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆಯೂ ಹತ್ತು ವರ್ಷಗಳ ಕಾಲ ಅದರ ಮೋಟಾರು, ಪಂಪು, ಡ್ರಮ್ಮು, ಸ್ಪೈಡರು, ಬೇರಿಂಗು ಮೊದಲಾದವು ದುರಸ್ತಿಗಾರರಿಗೆ ದೊರೆಯಬೇಕು. ಬೇಡಿಕೆಯಿತ್ತ ಹದಿನೈದು ಕೆಲಸದ ದಿನಗಳಲ್ಲಿ ತಲುಪಬೇಕು. ಸಾಮಾನ್ಯ ಸಲಕರಣೆಗಳಿಂದ ಬದಲಿಸುವಂತಿರಬೇಕು. ಆ ನಿಯಮದಲ್ಲಿಯೂ ಒಂದು ಕಿಂಡಿ ಉಂಟು: ಡ್ರಮ್ಮು ಸ್ಪೈಡರು ಬೇರಿಂಗುಗಳನ್ನು ಬಿಡಿಯಾಗಿಯೋ ಒಟ್ಟಾಗಿಯೋ ಕೊಡಬಹುದೆಂದಿದೆ, ಅಂಟಿಸಿದ ತೊಟ್ಟಿ ಅದರಲ್ಲಿ ನುಸುಳಿ ಪಾರಾಗುತ್ತದೆ. ನಮ್ಮವರು ಕಾನೂನು ಮಾಡುವ ದಿನ ಬಂದಾಗ ಆ ಕಿಂಡಿಯನ್ನು ಮುಚ್ಚಿಯೇ ಮಾಡಲಿ. ಫ್ರಾನ್ಸ್ ದೇಶವು 2021ರ ಜನವರಿಯಿಂದ ಮುಂಬಾಗಿಲಿನ ಯಂತ್ರಗಳೂ ಸೇರಿದಂತೆ ಐದು ಬಗೆಯ ಸರಕುಗಳ ಮೇಲೆ, ದುರಸ್ತಿಗೆ ಅದು ಎಷ್ಟು ಯೋಗ್ಯವೆಂದು ಹತ್ತಕ್ಕೆ ಇಷ್ಟೆಂಬ ಅಂಕವನ್ನು ಅಂಗಡಿಯಲ್ಲಿಯೇ ತೋರಿಸುವಂತೆ ಮಾಡಿತು. ಕೊಳ್ಳುವ ಮೊದಲೇ ಗ್ರಾಹಕನಿಗೆ ತಿಳಿಯುವುದು ಎಷ್ಟು ಸರಳವಾದ ಏರ್ಪಾಡು!

ಅದು ಬರುವ ತನಕ ಆ ಅಂಕವನ್ನು ನೀವೇ ಹಾಕಿಕೊಳ್ಳಬೇಕು. ಹೊಸದನ್ನು ಕೊಳ್ಳಲೇಬೇಕಾದಾಗ ಬಣ್ಣ, ಪರದೆ, ಫೋನಿನಿಂದ ನಡೆಸುವ ಸೌಕರ್ಯ ಇವುಗಳನ್ನು ಕೇಳುವ ಮೊದಲು ತೊಟ್ಟಿ ಬಿಚ್ಚುವಂಥದೋ ಅಂಟಿಸಿದ್ದೋ ಎಂದು ಕೇಳಿರಿ. ನಿಮ್ಮ ಊರಿನ ಮೆಕ್ಯಾನಿಕನನ್ನು ಕೇಳಿರಿ. ಯಾವ ಮಾದರಿಯ ಭಾಗಗಳು ಕೈಗೆ ಸಿಗುತ್ತವೆ, ಯಾವುದಕ್ಕೆ ಆರು ವಾರ ಕಾಯಬೇಕು ಎಂಬುದು ಅಂಗಡಿಯವನಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಇಬ್ಬರೇ ಇರುವ ಮನೆಗೆ ಎರಡು ತೊಟ್ಟಿಯ ಸಾದಾ ಯಂತ್ರ ಸಾಕಾದೀತು; ಅದರಲ್ಲಿ ಕೆಡುವುದಕ್ಕೆ ಇರುವ ಭಾಗಗಳೇ ಕಡಮೆ. ಆದರೆ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿಹಾಕುವ ಶಕ್ತಿ ಮನೆಯಾಕೆಯ ಸೊಂಟಕ್ಕೆ ಇದೆಯೇ ಎಂಬುದನ್ನು ಆಕೆಯನ್ನೇ ಕೇಳಿ ನಿರ್ಧರಿಸಬೇಕು, ಜಗುಲಿಯ ಸಭೆಯಲ್ಲಿ ಅಲ್ಲ.

ಮೆಕ್ಯಾನಿಕರನ್ನು ಹೊಗಳಿದೆವೆಂದು ಅವರೆಲ್ಲ ಸತ್ಯವಂತರೆಂದು ಪ್ರಮಾಣಪತ್ರ ಕೊಟ್ಟಂತಾಗಲಿಲ್ಲ. ಬದಲಿಸದ ಭಾಗಕ್ಕೆ ಬಿಲ್ಲು ಬರೆಯುವವರೂ ಅವರಲ್ಲಿ ಉಂಟು. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಬೇಕೆಂದು ಮೊದಲೇ ಹೇಳಿರಿ. ಬಿಲ್ಲಿನಲ್ಲಿ ಭಾಗದ ಹೆಸರನ್ನೂ ಎಷ್ಟು ತಿಂಗಳ ಹೊಣೆಯೆಂಬುದನ್ನೂ ಬರೆಯಿಸಿರಿ. ಕಂಪನಿಯೇ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಲು ಹಿಂಜರಿಯಬೇಡಿರಿ. ಆದರೆ ಒಳ್ಳೆಯ ಮೆಕ್ಯಾನಿಕನೊಡನೆ ಇನ್ನೂರು ರೂಪಾಯಿಗಾಗಿ ಚೌಕಾಸಿ ಮಾಡಿ, ಅದೇ ಸಂಜೆ ಇಪ್ಪತ್ತೆಂಟು ಸಾವಿರದ ಕಂತಿನ ಕಾಗದಕ್ಕೆ ಓದದೆ ಸಹಿ ಹಾಕುವ ಸುಶಿಕ್ಷಿತರನ್ನು ಕಂಡಾಗ ನಮಗೆ ನಗೆಯೂ ಬರುತ್ತದೆ, ವ್ಯಥೆಯೂ ಆಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಟ್ಟ ಬೋರ್ಡಿನ ಒಂದು ರಿಲೇಯನ್ನು ಹುಡುಕಿ ತಂದು ಬೆಸೆಯುವ ಹುಡುಗನ ವಿದ್ಯೆ ಸಣ್ಣದಲ್ಲ. ಐ.ಟಿ.ಐ. ಮುಗಿಸಿ ಕೆಲಸವಿಲ್ಲವೆಂದು ಕುಳಿತಿರುವ ನಮ್ಮ ತರುಣರಿಗೆ ಊರಲ್ಲಿಯೇ ಅನ್ನ ಕೊಡಬಲ್ಲ ವಿದ್ಯೆ ಅದು. ನಾವು ಯಂತ್ರಗಳನ್ನು ಬಿಸಾಡುತ್ತ ಹೋದರೆ ಆ ಅನ್ನವನ್ನೂ ಬಿಸಾಡಿದಂತೆಯೇ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಎಂಜಿನಿಯರುಗಳು. ಕೆಲವರಾದರೂ ಇಂಥ ಯಂತ್ರಗಳನ್ನು ರೂಪಿಸುವ, ಮಾರುವ, ಬಿಡಿಭಾಗಗಳ ದಾಸ್ತಾನನ್ನು ನಿರ್ಧರಿಸುವ ಸ್ಥಾನಗಳಲ್ಲಿರಬಹುದು. ನಿಮಗೆ ನೇರವಾಗಿಯೇ ಹೇಳುತ್ತೇವೆ. ತೊಟ್ಟಿಯನ್ನು ಅಂಟಿಸಬೇಕೋ ಸ್ಕ್ರೂ ಹಾಕಬೇಕೋ ಎಂಬ ಕಡತ ನಿಮ್ಮ ಮೇಜಿಗೆ ಬಂದೀತು. ಈ ಮಾದರಿಯ ಬೋರ್ಡನ್ನು ಇನ್ನು ತಯಾರಿಸುವುದು ಬೇಡವೆಂಬ ಟಿಪ್ಪಣಿಯ ಕೆಳಗೆ ನಿಮ್ಮ ಸಹಿಯನ್ನು ಕೇಳಿಯಾರು. ಆಗ ನಿಮ್ಮ ತಾಯಿಯ ಮನೆಯ ಯಂತ್ರವೂ ಅದೇ ಮಾದರಿಯದೆಂದು ತಿಳಿದು ನಿಮ್ಮ ಅಭಿಪ್ರಾಯವನ್ನು ಬರೆಯಿರಿ. ಸಭೆಯಲ್ಲಿ ನಿಮ್ಮ ಮಾತು ಸೋಲಬಹುದು. ಬರೆದ ಅಭಿಪ್ರಾಯ ಕಡತದಲ್ಲಿ ಉಳಿಯುತ್ತದೆ.

ಕೊನೆಗೆ, ಉಳಿಸಲಾಗದ ಯಂತ್ರದ ವಿಲೇವಾರಿ. ಅರವತ್ತು ಎಪ್ಪತ್ತು ಕಿಲೋ ತೂಗುವ, ಒಳಗೆ ಸಮತೂಕಕ್ಕಾಗಿ ಕಾಂಕ್ರೀಟಿನ ಗುಂಡನ್ನು ಹೊತ್ತಿರುವ ಮುಂಬಾಗಿಲಿನ ಯಂತ್ರ ಎಕ್ಸ್‌ಚೇಂಜಿನ ಗಾಡಿ ಹತ್ತಿದ ಮೇಲೆ ಎಲ್ಲಿಗೆ ಹೋಯಿತೆಂದು ಕೇಳಿದವರುಂಟೆ? 2011ರ ಇ-ತ್ಯಾಜ್ಯ ನಿಯಮಗಳಿಂದ ಮೊದಲ್ಗೊಂಡು, 2023ರ ಏಪ್ರಿಲ್ ಒಂದರಂದು ಜಾರಿಗೆ ಬಂದ 2022ರ ನಿಯಮಗಳವರೆಗೆ, ಒಗೆಯುವ ಯಂತ್ರ ಪಟ್ಟಿಯಲ್ಲಿದೆ. ಅದರ ಅಂತ್ಯದ ಹೊಣೆ ತಯಾರಕನ ಮೇಲಿದೆ. ಹಾಗಿದ್ದೂ ಎಷ್ಟೋ ಯಂತ್ರಗಳು ಗುಜರಿಯ ಅಂಗಳದಲ್ಲಿ ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತವೆ. ತಂತಿಯ ತಾಮ್ರಕ್ಕಾಗಿ ಪ್ಲಾಸ್ಟಿಕ್ಕನ್ನು ಸುಡುತ್ತಾರೆ. ಆ ಹೊಗೆಯನ್ನು ಕುಡಿಯುವವರು ಅಂಗಡಿಯಲ್ಲಿ ಯಂತ್ರ ಕೊಂಡವರಲ್ಲ. ಆದುದರಿಂದ ಕೊಡುವ ಮೊದಲು ನಿಮ್ಮ ಮೆಕ್ಯಾನಿಕನನ್ನು ಒಮ್ಮೆ ಕರೆಯಿರಿ. ಸತ್ತ ಯಂತ್ರದಲ್ಲಿ ಬದುಕಿರುವ ಪಂಪು, ವಾಲ್ವು, ಬಾಗಿಲ ಬೀಗ, ಮೋಟಾರು, ಬೋರ್ಡು ಏನಿದ್ದರೂ ಬಿಚ್ಚಿಕೊಂಡು ಹೋಗಲಿ. ಅದೇ ಮಾದರಿಯ ಬೋರ್ಡು ಇನ್ನು ಬರುವುದಿಲ್ಲವೆಂದು ಹೇಳಿಸಿಕೊಂಡ ಇನ್ನೊಂದು ಮನೆ ಅದೇ ಊರಿನಲ್ಲಿರುತ್ತದೆ. ಉಳಿದ ಒಡಲನ್ನು ಪರವಾನಗಿ ಪಡೆದ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ.